ಮೊದಲು ಸೂಜಿ ತಿರುಗಲಿ, ಬೆರಳಿನ ಲೆಕ್ಕ ಆಮೇಲೆ

ನಮಸ್ಕಾರ ಎಲ್ಲರಿಗೂ. ಇವತ್ತು ಓಮ್‌ನ ನಿಯಮದ ಲೆಕ್ಕ ಮಾಡಬೇಕಿತ್ತು, ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ, ಹಿಂದಿನ ವಿಡಿಯೋ ಕೆಳಗೆ ಬಂದಿರುವ ಒಂದು ಕಾಮೆಂಟ್. "ಸರ್, ಪ್ರಯೋಗ ಎಲ್ಲ ಬೇಡ. ಯಾವ ಬೆರಳು ಯಾವುದಕ್ಕೆ ಅಂತ ಹೇಳಿಬಿಡಿ, ಎರಡು ಮಾರ್ಕ್ಸ್ ಬಂದರೆ ಸಾಕು." ಬರೆದದ್ದು ಒಬ್ಬರೇ. ಆದರೆ ಅದಕ್ಕೆ ಬಿದ್ದಿರುವ ಲೈಕ್ ನೋಡಿ ಸುಮ್ನೆ ಇರೋಕೆ ಆಗಲಿಲ್ಲ.

ಸರಿ, ಹೇಳಿಬಿಡುತ್ತೇನೆ. ಎಡಗೈ ಎತ್ತಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದಕ್ಕೊಂದು ಲಂಬವಾಗಿರಲಿ. ತೋರುಬೆರಳು ಕಾಂತಕ್ಷೇತ್ರ, ಅಂದರೆ ಅಯಸ್ಕಾಂತದ ಪ್ರಭಾವದ ದಿಕ್ಕು. ನಡುಬೆರಳು ವಿದ್ಯುತ್ ಪ್ರವಾಹ. ಹೆಬ್ಬೆರಳು ಬಲ. ಇಷ್ಟೇ, ಫ್ಲೆಮಿಂಗ್‌ನ ಎಡಗೈ ನಿಯಮ. ಅಯಸ್ಕಾಂತದ ಹತ್ತಿರ ಕರೆಂಟ್ ಹರಿಯುವ ವೈರ್ ಮೇಲೆ ಬಲ ಯಾವ ಕಡೆ ಬೀಳುತ್ತದೆ ಅಂತ ಹೇಳುವುದು ಇದು. ಏನು ಅರ್ಥವಾಯಿತು? ವೈರ್‌ಗೂ ಅಯಸ್ಕಾಂತಕ್ಕೂ ಏನು ನಂಟು ಅಂತಲೇ ನೋಡಿಲ್ಲದವರು ಬೆರಳು ಚಾಚಿ ಏನು ಮಾಡಬೇಕು?

ನಾನು ಹೇಳುವುದು ಒಂದೇ ಮಾತು. ಮೊದಲು ಕಣ್ಣೆದುರು ದಿಕ್ಸೂಚಿಯ ಸೂಜಿ ತಿರುಗಬೇಕು. ನಿಯಮ ಆಮೇಲೆ.

ಇದು ನನ್ನ ಹಟ ಅಲ್ಲ, ಇತಿಹಾಸವೂ ಹೀಗೇ ನಡೆದಿದೆ. 1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಆರ್ಸ್ಟೆಡ್ ಎಂಬ ಪ್ರೊಫೆಸರ್ ಪಾಠ ಮಾಡುವಾಗ, ಕರೆಂಟ್ ಹರಿಯುವ ವೈರ್ ಹತ್ತಿರ ಇದ್ದ ದಿಕ್ಸೂಚಿಯ ಸೂಜಿ ಅಲುಗಿತು. ಅದೇ ವರ್ಷ ಜುಲೈನಲ್ಲಿ ಅವರು ಅದನ್ನು ಪ್ರಕಟಿಸಿದರು. ಸೆಪ್ಟೆಂಬರ್‌ನಲ್ಲಿ ಸುದ್ದಿ ಪ್ಯಾರಿಸ್ ತಲುಪಿತು, ಅಲ್ಲಿನ ವಿಜ್ಞಾನಿ ಆಂಪಿಯರ್ ತಕ್ಷಣ ಕೆಲಸ ಶುರು ಮಾಡಿದರು. ನಿಮ್ಮ ಬೆರಳಿನ ನಿಯಮದ ಫ್ಲೆಮಿಂಗ್ ಹುಟ್ಟಿದ್ದು ಯಾವಾಗ ಗೊತ್ತಾ? 1849ರಲ್ಲಿ! ಸೂಜಿ ತಿರುಗಿ 29 ವರ್ಷ ಆದ ಮೇಲೆ ಹುಟ್ಟಿದವರು ಅವರು. ನಾವು ಮಾತ್ರ ಮಕ್ಕಳಿಗೆ ಕೊನೆಯದನ್ನು ಮೊದಲು ಬಾಯಿಪಾಠ ಮಾಡಿಸುತ್ತೇವೆ.

"ಸರ್, ನಮ್ಮ ಸ್ಕೂಲಲ್ಲಿ ಲ್ಯಾಬ್ ಇಲ್ಲ." ಯಾಕೆ ಬೇಕು ಲ್ಯಾಬ್? ಒಂದು ಪೆನ್ಸಿಲ್ ಸೆಲ್, 1.5 ವೋಲ್ಟ್‌ದು. ಒಂದು ತುಂಡು ತಾಮ್ರದ ವೈರ್, ಎರಡೂ ತುದಿಯಲ್ಲಿ ಪ್ಲಾಸ್ಟಿಕ್ ಸುಲಿದದ್ದು. ಒಂದು ಚಿಕ್ಕ ದಿಕ್ಸೂಚಿ. ದಿಕ್ಸೂಚಿ ಇಲ್ವಾ? ಹೊಲಿಗೆ ಸೂಜಿಯನ್ನು ಹಳೇ ಸ್ಪೀಕರ್‌ನ ಅಯಸ್ಕಾಂತದ ಮೇಲೆ ಒಂದೇ ದಿಕ್ಕಿನಲ್ಲಿ ಮತ್ತೆ ಮತ್ತೆ ಉಜ್ಜಿ, ನಡುವೆ ದಾರ ಕಟ್ಟಿ ತೂಗುಬಿಡಿ. ಅದೇ ದಿಕ್ಸೂಚಿ.

ಈಗ ಗಮನ ಇಟ್ಟು ಕೇಳಿ, ಜಾಸ್ತಿ ಜನ ಎಡವುವುದು ಇಲ್ಲೇ. ದಿಕ್ಸೂಚಿಯನ್ನು ಕಬ್ಬಿಣದ ಡೆಸ್ಕ್ ಮೇಲೆ ಇಡಬೇಡಿ, ಮೊಬೈಲ್ ದೂರ ಇಡಿ. ಸೂಜಿ ಉತ್ತರ ದಕ್ಷಿಣವಾಗಿ ನಿಂತ ಮೇಲೆ, ವೈರನ್ನು ಅದರ ಮೇಲೆ, ಅದೇ ಉತ್ತರ ದಕ್ಷಿಣವಾಗಿ, ಸೂಜಿಗೆ ಸಮಾನಾಂತರವಾಗಿ ಹಿಡಿಯಿರಿ. ಪೂರ್ವ ಪಶ್ಚಿಮವಾಗಿ ಅಡ್ಡ ಹಿಡಿದರೆ ಸೂಜಿ ಅಲುಗದೇ ಇರಬಹುದು, ಆಗ "ಪ್ರಯೋಗ ಫೇಲ್" ಅಂತೀರಿ. ಮೊದಲು ಸೆಲ್ ಇಲ್ಲದೆ ನೋಡಿ. ಏನೂ ಆಗುವುದಿಲ್ಲ, ತಾಮ್ರವನ್ನು ಅಯಸ್ಕಾಂತ ಎಳೆಯುವುದಿಲ್ಲ. ಈಗ ಎರಡೂ ತುದಿಯನ್ನು ಸೆಲ್‌ಗೆ ಮುಟ್ಟಿಸಿ. ಒಂದೆರಡು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ವೈರ್ ಬಿಸಿಯಾಗುತ್ತದೆ. ಕರೆಂಟ್ ದಕ್ಷಿಣದಿಂದ ಉತ್ತರಕ್ಕೆ ಹರಿದರೆ ಸೂಜಿಯ ಉತ್ತರ ತುದಿ ಪಶ್ಚಿಮಕ್ಕೆ ತಿರುಗುತ್ತದೆ. ಸೆಲ್ ಉಲ್ಟಾ ಮಾಡಿ ಹಿಡಿಯಿರಿ, ಆ ತುದಿ ಪೂರ್ವಕ್ಕೆ ತಿರುಗುತ್ತದೆ. ಈಗ ವೈರನ್ನು ದಿಕ್ಸೂಚಿಯ ಕೆಳಗೆ ಇಡಿ, ಮತ್ತೆ ಉಲ್ಟಾ! ಅಂದರೆ ವೈರ್ ಸುತ್ತ ಏನೋ ಸುತ್ತುತ್ತಿದೆ ಅಂತ ಆಯಿತಲ್ವಾ? ಬಲಗೈ ಹೆಬ್ಬೆರಳನ್ನು ಕರೆಂಟ್ ಹರಿಯುವ ಕಡೆ ಚಾಚಿ ವೈರ್ ಹಿಡಿದರೆ, ಉಳಿದ ಬೆರಳು ಸುತ್ತುವ ಕಡೆಗೇ ಕಾಂತಕ್ಷೇತ್ರ. ಬಲಗೈ ಹೆಬ್ಬೆರಳಿನ ನಿಯಮ ಇಷ್ಟೇ. ಯಾರೂ ಹೇಳಿಕೊಡದೆ ಮಗುವೇ ಕಂಡುಹಿಡಿಯಿತು.

ಎಷ್ಟು ತಿರುಗುತ್ತದೆ ಅಂತಲೂ ಹೇಳಬಹುದು. ವೈರ್‌ನಲ್ಲಿ 2 ಆಂಪಿಯರ್ ಹರಿದರೆ, 1 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 40 ಮೈಕ್ರೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರವೂ ಹೆಚ್ಚುಕಮ್ಮಿ ಅಷ್ಟೇ. ಭೂಮಿ ಉತ್ತರಕ್ಕೆ ಎಳೆಯುತ್ತದೆ, ವೈರ್ ಪಕ್ಕಕ್ಕೆ ಎಳೆಯುತ್ತದೆ, ಸೂಜಿ ನಡುವೆ 45 ಡಿಗ್ರಿಯಲ್ಲಿ ನಿಲ್ಲುತ್ತದೆ. ಒಂದು ಪುಟ್ಟ ಸೆಲ್ ಇಡೀ ಭೂಮಿಗೆ ಸರಿಸಮ ನಿಂತಿತು! ಇದನ್ನು ನೋಡಿದ ಮಗು ಮರೆಯುತ್ತಾ? ಎರಡು ಮಾರ್ಕ್ಸ್ ಅಂತೆ.

ಒಂದು ಎಚ್ಚರಿಕೆ, ತಮಾಷೆ ಅಲ್ಲ. ಸೆಲ್ ಮಾತ್ರ. ಗೋಡೆಯ ಪ್ಲಗ್‌ಗೆ ವೈರ್ ತುರುಕುವ ಯೋಚನೆಯೂ ಬೇಡ. ಅಲ್ಲಿರುವುದು 230 ವೋಲ್ಟ್, ಜೀವ ತೆಗೆಯುತ್ತದೆ. ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ.

ಮೊದಲ ಸಲ ಬಂದಿದ್ದರೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಹತ್ತನೇ ತರಗತಿ ವಿಜ್ಞಾನ ಪೂರ್ತಿ ಕನ್ನಡದಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ.

"ಅನಿಮೇಷನ್ ತೋರಿಸಿದರೆ ಸಾಲದಾ?" ಸಾಲಲ್ಲ! ಅನಿಮೇಷನ್‌ನಲ್ಲಿ ಸೂಜಿ ಯಾವಾಗಲೂ ಸರಿಯಾಗೇ ತಿರುಗುತ್ತದೆ. ವೈರ್ ಅಡ್ಡ ಹಿಡಿದು, ಅಲುಗದ ಸೂಜಿ ನೋಡಿ, ಯಾಕೆ ಅಂತ ತಲೆ ಕೆರೆದುಕೊಳ್ಳುವ ಭಾಗ್ಯ ಅಲ್ಲಿ ಎಲ್ಲಿದೆ? "ಪೋರ್ಷನ್ ಮುಗಿಯಲ್ಲ." ಹತ್ತು ನಿಮಿಷದ ಕೆಲಸ ಸ್ವಾಮಿ ಇದು. ಬೋರ್ಡ್ ಮೇಲೆ ಕೈಯ ಚಿತ್ರ ಬರೆಯೋಕೇ ಅಷ್ಟು ಹೊತ್ತು ಬೇಕು.

ವಿಜ್ಞಾನಿ ಫ್ಯಾರಡೆ ಕತೆಯೂ ಅದೇ. ಪುಸ್ತಕಕ್ಕೆ ಬೈಂಡಿಂಗ್ ಹಾಕುತ್ತಿದ್ದ ಹುಡುಗ. ಕರೆಂಟ್‌ನಿಂದ ಕಾಂತತ್ವ ಬರುವುದಾದರೆ, ಕಾಂತದಿಂದ ಕರೆಂಟ್ ಯಾಕೆ ಬರಬಾರದು ಅಂತ ವರ್ಷಗಟ್ಟಲೆ ಒದ್ದಾಡಿ 1831ರಲ್ಲಿ ಗೆದ್ದರು. ವೈರ್ ಸುರುಳಿಯೊಳಗೆ ಅಯಸ್ಕಾಂತ ಸುಮ್ನೆ ಇಟ್ಟರೆ, ಕರೆಂಟ್ ತೋರಿಸುವ ಗ್ಯಾಲ್ವನೋಮೀಟರ್‌ನ ಮುಳ್ಳು ಸೊನ್ನೆಯಲ್ಲೇ. ಅಲ್ಲಾಡಿಸಿದರೆ ಮಾತ್ರ ಕರೆಂಟ್! 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನ ಬಲದಿಂದ ಜನರೇಟರ್ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದೂ ಇದೇ ತತ್ವದಿಂದ. ನಮ್ಮ ಕಾವೇರಿ ಜನರೇಟರನ್ನೇ ತಿರುಗಿಸಿತು, ನಮ್ಮ ಮಕ್ಕಳಿಗೆ ಮಾತ್ರ ಬರೀ ಬೆರಳಾ?

ಬೇಡ. ಸೂಜಿ ತಿರುಗಲಿ ಮೊದಲು. ಮೇಷ್ಟ್ರೇ, ಮೇಡಂ, ನಾಳೆ ಕ್ಲಾಸಿಗೆ ಒಂದು ಸೆಲ್ ಜೇಬಲ್ಲಿ ಹಾಕಿಕೊಂಡು ಹೋಗಿ. ಸೂಜಿ ಮೊದಲು, ಸೂಜಿ ಮೊದಲು!

ಭಾನುವಾರ ಸಂಜೆ ಲೈವ್ ಇದೆ. ಸೆಲ್, ವೈರ್, ದಿಕ್ಸೂಚಿ ಇಟ್ಟುಕೊಂಡು ಕೂರಿ. ಪ್ರಶ್ನೆ ಏನು ಬೇಕಾದರೂ ಕೇಳಿ, ಉತ್ತರ ಕೊಡುತ್ತೇನೆ. ಆದರೆ ಕೇಳುವ ಮೊದಲು, ನಿಮ್ಮ ಸೂಜಿ ಯಾವ ಕಡೆ ತಿರುಗಿತು ಅಂತ ಬರೆಯಬೇಕು.