ಆರೈಕೆ ಮಾಡುವವರಿಗೂ ಮುಯ್ಯಾಳು ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಲಕ್ವ ಹೊಡೆದೋ, ಕ್ಯಾನ್ಸರ್ ಬಲಿತೋ ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಒಬ್ಬರೇ. ಹೆಂಡತಿ, ಸೊಸೆ, ಇಲ್ಲವೇ ಮಗಳು. ನಸುಕಿಗೆ ಎದ್ದು ಕೊಟ್ಟಿಗೆ ಕೆಲಸ, ಡೇರಿಗೆ ಹಾಲು, ರೋಗಿಗೆ ಬಾಯಿ ತೊಳೆಸಿ ಗಂಜಿ ಕುಡಿಸುವುದು, ಒದ್ದೆಯಾದ ಹಾಸು ಬದಲಿಸುವುದು, ನಡುವೆ ಮಕ್ಕಳ ಶಾಲೆ, ಅಡುಗೆ. ರಾತ್ರಿ ಎರಡೆರಡು ತಾಸಿಗೆ ಎದ್ದು ಮಗ್ಗಲು ಹೊರಳಿಸಬೇಕು. ನೋಡಲು ಬಂದ ನೆಂಟರಿಗೆ ಚಹಾ ಮಾಡುವವಳೂ ಅವಳೇ. ಹೊರಡುವಾಗ ಅವರು "ಏನಾದ್ರೂ ಬೇಕಾದ್ರೆ ಹೇಳು" ಎನ್ನುತ್ತಾರೆ. ಅವಳು ಹೇಳುವುದಿಲ್ಲ. ಏನನ್ನು, ಯಾರಿಗೆ ಹೇಳಬೇಕೆಂದು ಯೋಚಿಸುವಷ್ಟು ಪುರಸೊತ್ತೂ ಅವಳಿಗಿಲ್ಲ.

ಗದ್ದೆ ನಾಟಿಗೆ, ಅಡಿಕೆ ಸುಲಿಯಲು ಮುಯ್ಯಾಳು ನಮ್ಮ ಉತ್ತರ ಕನ್ನಡದ ಕಡೆ ಹೊಸದಲ್ಲ: ಇಂದು ಅವರು ನಮ್ಮಲ್ಲಿ ದುಡಿದರೆ ನಾಳೆ ನಾವು ಅವರಲ್ಲಿ. ಅದೇ ಪದ್ಧತಿಯನ್ನು ರೋಗಿಯಿರುವ ಮನೆಗೂ ತರಬಹುದು. ವ್ಯತ್ಯಾಸ ಒಂದೇ: ಈ ಮನೆಯಿಂದ ಮುಯ್ಯಿ ತೀರಿಸಲು ಆಳು ಬರುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡವರು ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು.

ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2001ರಲ್ಲಿ ಇಂಥದೊಂದು ನೆರೆಹೊರೆಯ ಜಾಲ ಶುರುವಾಯಿತು. ವಾರಕ್ಕೆ ಎರಡು ತಾಸಾದರೂ ಕೊಡಬಲ್ಲ ಊರವರನ್ನು ಸೇರಿಸಿ ತರಬೇತಿ ಕೊಟ್ಟರು. ಚಿಕಿತ್ಸೆ ವೈದ್ಯರದು, ದಾದಿಯರದು. ಉಳಿದದ್ದನ್ನು ಊರೇ ಹೊತ್ತುಕೊಂಡಿತು. ಅಲ್ಲಿಂದ ಕಲಿಯುವುದು ಬಹಳ ಇದೆ, ಆದರೆ ಅದನ್ನು ಇದ್ದ ಹಾಗೇ ಇಲ್ಲಿಗೆ ತಂದರೆ ನಡೆಯದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟಕ್ಕೊಂದು ಮನೆ. ಮನೆಯಿಂದ ಮನೆಗೆ ಗುಡ್ಡ ಹತ್ತಿ ಇಳಿಯಬೇಕು, ಮಳೆಗಾಲದಲ್ಲಿ ಹಳ್ಳಕ್ಕೆ ಹಾಕಿದ ಸಂಕ, ಅಂದರೆ ಕಾಲುಸೇತುವೆ, ದಾಟಬೇಕು. ಹಾಗಾಗಿ ಗುಂಪನ್ನು ಪಂಚಾಯತಿಯ ಲೆಕ್ಕದಲ್ಲಿ ಕಟ್ಟಬೇಡಿ, ಕೇರಿಯ ಲೆಕ್ಕದಲ್ಲಿ ಕಟ್ಟಿ. ಅರ್ಧ ತಾಸಿನಲ್ಲಿ ನಡೆದು ಮುಟ್ಟುವಷ್ಟು ದೂರದಲ್ಲಿರುವವರು ಮಾತ್ರ ಒಂದು ಗುಂಪು. ಒಂದು ಮನೆಗೆ ಐದಾರು ಜನ ಸಾಕು. ಒಬ್ಬೊಬ್ಬರು ವಾರಕ್ಕೊಮ್ಮೆ ಮೂರು ತಾಸು ಕೊಟ್ಟರೆ ಆ ಮನೆಯಾಕೆಗೆ ವಾರದಲ್ಲಿ ಹದಿನೈದು ತಾಸಾದರೂ ಸಿಗುತ್ತದೆ. ಜನರನ್ನು ಎಲ್ಲೋ ಹುಡುಕಬೇಕಾಗಿಲ್ಲ. ಸ್ವಸಹಾಯ ಸಂಘ, ಭಜನಾ ಮಂಡಳಿ, ಯುವಕ ಮಂಡಳ, ನಿವೃತ್ತ ಶಿಕ್ಷಕರು ಎಲ್ಲ ಊರಲ್ಲೂ ಇದ್ದಾರೆ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಆದರೆ ಆ ಮನೆಯವರು ಒಪ್ಪಿದ ಮೇಲೆಯೇ ಹೆಸರು ಗುಂಪಿಗೆ ಬರಬೇಕು.

ಪಾಳಿ ಹಾಕುವಾಗ ಊರಿನ ದುಡಿಮೆಯ ಕಾಲ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳದ ಮೀನುಗಾರರ ಕೇರಿಗಳಲ್ಲಿ ಆ ಎರಡು ತಿಂಗಳು ಗಂಡಸರು ಮನೆಯಲ್ಲಿರುತ್ತಾರೆ. ರೋಗಿಯನ್ನು ಎತ್ತಿ ಕೂರಿಸಲು ಗಟ್ಟಿ ಕೈ ಆಗ ಸಿಗುತ್ತದೆ, ಆಗಸ್ಟಿನಲ್ಲಿ ಸಿಗುವುದಿಲ್ಲ. ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರುವಾದರೆ ಯಾರಿಗೂ ಪುರಸೊತ್ತಿಲ್ಲ. ಅಷ್ಟರೊಳಗೆ ಬದಲಿ ಹೆಸರು ಬರೆದಿಟ್ಟುಕೊಳ್ಳದಿದ್ದರೆ ಪಾಳಿ ಅಲ್ಲಿಗೇ ಮುರಿಯುತ್ತದೆ.

ಮೊದಲ ಭೇಟಿಗೆ ಇಬ್ಬರು ಹೋಗಿ. ಒಬ್ಬರು ರೋಗಿಯ ಹತ್ತಿರ ಕೂತುಕೊಳ್ಳಲಿ, ಇನ್ನೊಬ್ಬರು ನೋಡಿಕೊಳ್ಳುವಾಕೆಯ ಜೊತೆ ಹಿತ್ತಿಲಿಗೋ ಅಡುಗೆಮನೆಗೋ ಹೋಗಿ ಮಾತಾಡಲಿ. ಅತ್ತೆ, ಗಂಡ, ಮೈದುನರ ಎದುರು ಕೇಳಿದರೆ "ಎಲ್ಲ ಆರಾಮ" ಎಂಬ ಉತ್ತರವೇ ಬರುತ್ತದೆ. ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ, ಬಿಸಿ ಊಟ ಮಾಡಿ ಎಷ್ಟು ದಿನವಾಯಿತು, ದಿನದಲ್ಲಿ ಯಾವ ಹೊತ್ತು ತೀರ ಕಷ್ಟ ಎಂದು ಕೇಳಿ. ನಸುಕಿನಿಂದ ನಸುಕಿನವರೆಗೆ ಅವಳ ದಿನವನ್ನು ಒಂದು ಹಾಳೆಯಲ್ಲಿ ತಾಸು ತಾಸಾಗಿ ಬರೆಯಿರಿ. ಆ ಹಾಳೆ ನೋಡಿದರೆ ಎಲ್ಲಿ ಕೈ ಕೊಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಬೆಳಿಗ್ಗೆ ಹಾಲು ಕೊಡುವ ಹೊತ್ತಿಗೇ ರೋಗಿಯ ಹಾಸು ಬದಲಿಸಬೇಕಾದ ಮನೆಯಲ್ಲಿ, ಡೇರಿಗೆ ಹಾಲು ಮುಟ್ಟಿಸುವ ಒಬ್ಬ ಹುಡುಗ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ. ಆಮೇಲೆ "ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಇಲ್ಲಿ ಇರುತ್ತೇನೆ, ನೀವು ಮಲಗಿ" ಎಂದು ದಿನ, ಹೊತ್ತು ಹೆಸರಿಸಿ ಹೇಳಿ. ಹೇಳಿದ ದಿನ ತಪ್ಪಿಸಬೇಡಿ. ಆ ಮೂರು ತಾಸನ್ನು ನಂಬಿ ಅವಳು ಬ್ಯಾಂಕಿನ ಕೆಲಸ, ತನ್ನದೇ ಹಲ್ಲುನೋವು ಎಲ್ಲ ಮುಂದೆ ಹಾಕಿಕೊಂಡಿರುತ್ತಾಳೆ.

ಇನ್ನು ಕೈಕೆಲಸ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯನ್ನು ಕರೆಸಿ ಎರಡು ದಿನ ಕಲಿಯಿರಿ. ಒಂದು ಮಂಚ ಹಾಕಿ, ನಿಮ್ಮಲ್ಲೇ ಒಬ್ಬರನ್ನು ಮಲಗಿಸಿ ಮಾಡಿ ನೋಡಬೇಕು, ಕೇಳಿದರೆ ಬರುವುದಿಲ್ಲ. ಮೊದಲು ಕಲಿಯಬೇಕಾದದ್ದು ಮಗ್ಗಲು ಹೊರಳಿಸುವುದು. ಗಟ್ಟಿ ಹತ್ತಿಯ ಚಾದರವನ್ನು ಮಡಚಿ ರೋಗಿಯ ಹೆಗಲಿನಿಂದ ತೊಡೆಯವರೆಗೆ ಅಡ್ಡಲಾಗಿ ಹಾಸಿರಬೇಕು. ಇಬ್ಬರು ಆಚೀಚೆ ನಿಂತು ಅದರ ಅಂಚನ್ನು ಮೈಹತ್ತಿರಕ್ಕೆ ಸುರುಳಿ ಸುತ್ತಿ ಹಿಡಿದು, ಒಟ್ಟಿಗೆ ಎಣಿಸಿ ಎತ್ತಬೇಕು. ಎಳೆಯಬಾರದು. ಎಳೆದಾಗ ಚರ್ಮ ಹಾಸಿಗೆಗೆ ಅಂಟಿ ಒಳಗಿನ ಮಾಂಸ ಮಾತ್ರ ಸರಿಯುತ್ತದೆ, ಹುಣ್ಣು ಅಲ್ಲಿಂದ ಹುಟ್ಟುತ್ತದೆ. ಪೂರ್ತಿ ಮಗ್ಗಲಿಗೆ ತಿರುಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ತುಸು ಓರೆಯಾಗಿಸಿದರೆ ಸಾಕು. ಮೊಣಕಾಲಿನ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಒಂದು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರಬೇಕು. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಬಿಳುಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಗುರುತು. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಇದೆಯೇ ಎಂದು ಮುಟ್ಟಿ ತಿಳಿಯಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಇನ್ನಷ್ಟು ಕೆಡುತ್ತದೆ.

ಏರ್ ಬೆಡ್ ತಂದರೆ ಹೊರಳಿಸಬೇಕಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಅದರ ಪಂಪಿಗೆ ಕರೆಂಟು ಬೇಕು. ನಮ್ಮ ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದಿರುವುದು ಹೊಸತೇನಲ್ಲ. ಕೆಳಗೆ ದಪ್ಪ ಹಾಸಿಗೆ ಇರಲೇಬೇಕು, ಹೊರಳಿಸುವುದೂ ನಡೆಯಲೇಬೇಕು. ಮನೆಯಲ್ಲಿ ಆಮ್ಲಜನಕದ ಯಂತ್ರವಿದ್ದರೆ ತುಂಬಿದ ಸಿಲಿಂಡರ್ ಒಂದು ಜೊತೆಗಿರಲಿ.

ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು, ಪೂರ್ತಿ ತುಂಬುವವರೆಗೆ ಕಾಯಬಾರದು. ಉಣಿಸುವಾಗ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಉಂಡ ಮೇಲೂ ಅರ್ಧ ತಾಸು ಹಾಗೇ ಇರಿಸಿ. ಮಾತ್ರೆ ಬದಲಿಸುವುದು, ಮೂಗಿನ ನಳಿಕೆ ಮುಟ್ಟುವುದು, ಆಳದ ಗಾಯಕ್ಕೆ ಪಟ್ಟಿ ಕಟ್ಟುವುದು ಸ್ವಯಂಸೇವಕರ ಕೆಲಸವಲ್ಲ.

ಮಳೆಗಾಲದ ದೊಡ್ಡ ತೊಂದರೆ ಬಟ್ಟೆ ಒಣಗಿಸುವುದು. ದಿನಕ್ಕೆ ಮೂರು ನಾಲ್ಕು ಹಾಸು ಒದ್ದೆಯಾಗುವ ಮನೆಯಲ್ಲಿ ಜುಲೈ ತಿಂಗಳಲ್ಲಿ ಒಣ ಬಟ್ಟೆ ಎಲ್ಲಿಂದ ತರುವುದು? ತೇವ ಆರದ ಹಾಸಿನ ಮೇಲೆ ಮಲಗಿಸಿದರೆ ಚರ್ಮ ಬೇಗ ಕಿತ್ತು ಬರುತ್ತದೆ. ಹಳೆಯ ಹತ್ತಿ ಸೀರೆ, ಪಂಚೆ ಕೂಡಿಸಿ ಹನ್ನೆರಡು ಹಾಸು ಮಾಡಿಡಿ. ಒಬ್ಬರು ಒದ್ದೆ ಹಾಸು ಒಯ್ದು ತಮ್ಮ ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಒಣಗಿಸಿ ತರುವ ವ್ಯವಸ್ಥೆ ಮಾಡಿ. ರೋಗಿಯ ಹತ್ತಿರ ಕೂರಲು ಮುಜುಗರಪಡುವವರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಜೂನ್ ಬರುವ ಮೊದಲು ಇನ್ನೂ ಒಂದಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಅನೇಕ ದಿನ ಬಂದಾಗಿತ್ತು. ಘಟ್ಟದ ರಸ್ತೆಗಳೂ ಹೀಗೆ ಮುಚ್ಚುತ್ತವೆ. ಮಣಿಪಾಲಕ್ಕೋ, ಹುಬ್ಬಳ್ಳಿಗೋ, ಗೋವಾಕ್ಕೋ ಹೋಗಿ ಔಷಧ ತರುವವರು ವೈದ್ಯರನ್ನು ಕೇಳಿ ಹದಿನೈದು ದಿನದ್ದನ್ನು ಮುಂಚಿತವಾಗಿ ತಂದಿಟ್ಟುಕೊಳ್ಳಲಿ. ಜೀಪು ಇರುವ ಇಬ್ಬರ ಹೆಸರು, ಬದಲಿ ದಾರಿ, 108 ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಗುಂಪು ಕೆಡುವುದು ಹೇಗೆ? ಮೊದಲ ಹದಿನೈದು ದಿನ ಎಲ್ಲರೂ ಬರುತ್ತಾರೆ, ಎರಡನೇ ತಿಂಗಳು ಒಬ್ಬರೇ ಉಳಿಯುತ್ತಾರೆ. ಆ ಒಬ್ಬರೂ ಸುಸ್ತಾಗುತ್ತಾರೆ. ಅದಕ್ಕೇ ಯಾರಿಗೂ ವಾರಕ್ಕೆ ಎರಡು ಪಾಳಿಗಿಂತ ಹೆಚ್ಚು ಬೇಡ, ಮೂರು ತಿಂಗಳಿಗೊಮ್ಮೆ ಬಿಡುವು ಕಡ್ಡಾಯ. ಆ ಮನೆಯಲ್ಲಿ ಕಂಡದ್ದು ಹಾಲಿನ ಡೇರಿಯಲ್ಲಿ ಸುದ್ದಿಯಾದರೆ ಬಾಗಿಲು ಮತ್ತೆ ತೆರೆಯುವುದಿಲ್ಲ. ಆ ಕಷಾಯ ಕೊಡಿ, ಈ ದೇವರಿಗೆ ಹರಕೆ ಹೊರಿ ಎಂಬ ಸಲಹೆಯೂ ಅವಳಿಗೆ ಹೊರೆಯೇ. ಅದನ್ನು ಕೇಳಿದಾಗ, ಇಷ್ಟು ಮಾಡಿಯೂ ತಾನು ಏನೋ ತಪ್ಪಿಸಿದೆ ಎಂದು ಅವಳಿಗೆ ಅನಿಸುತ್ತದೆ. ಕೆಲವು ಮನೆಗಳಲ್ಲಿ ಹೊರಗಿನ ಅಡುಗೆ ನಡೆಯುವುದಿಲ್ಲ. ವಾದ ಮಾಡಬೇಡಿ. ತೆಂಗಿನಕಾಯಿ ತುರಿದು, ತರಕಾರಿ ಹೆಚ್ಚಿ ಕೊಟ್ಟು ಬನ್ನಿ. ಹಣ ಮುಟ್ಟುವ ಸಂದರ್ಭ ಬಂದರೆ ಇಬ್ಬರ ಸಹಿ ಇಲ್ಲದೆ ಒಂದು ರೂಪಾಯಿಯೂ ಕೈ ಬದಲಾಗಬಾರದು.

ರೋಗಿ ತೀರಿಕೊಂಡ ಮೇಲೆ ಕಾರ್ಯ ಮುಗಿಯುವವರೆಗೆ ಮನೆ ತುಂಬ ಜನ. ಆಮೇಲೆ ಒಮ್ಮೆಲೇ ಖಾಲಿ. ರಾತ್ರಿ ಎರಡು ಗಂಟೆಗೆ ಅವಳಿಗೆ ರೂಢಿಯಿಂದ ಎಚ್ಚರವಾಗುತ್ತದೆ, ಹೊರಳಿಸಲು ಯಾರೂ ಇರುವುದಿಲ್ಲ. ಪಾಳಿ ಪುಸ್ತಕದಿಂದ ಆ ಮನೆಯ ಹೆಸರನ್ನು ಇನ್ನೂ ಮೂರು ತಿಂಗಳು ತೆಗೆಯಬೇಡಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಅದಕ್ಕೆ ಜೊತೆಗೆ ಹೋಗಿ ಬನ್ನಿ. ಗುಂಪಿನಿಂದ ಕೊಟ್ಟ ಮಂಚ, ಏರ್ ಬೆಡ್ಡನ್ನು ಅವಳೇ ಒಯ್ಯಿರಿ ಎನ್ನುವವರೆಗೆ ಕೇಳಬೇಡಿ. ಗುರುವಾರ ಬರುತ್ತಿದ್ದವರು ಗುರುವಾರ ಎರಡು ಗಂಟೆಗೇ ಹೋಗಲಿ. ಈ ಸಲ ಚಹಾವನ್ನು ಅವಳು ಮಾಡಿದರೆ ಕೂತು ಕುಡಿಯಲಿ.

ನಮಸ್ಕಾರ.