ಗಂಟಿನ ಹೆಸರು ಬಿಡಿ, ತುದಿ ತೋರಿಸಿ

ಮೀನು ತಪ್ಪಿಸ್ಕೊಂಡು ಹೋಯ್ತು. ಹೋಗ್ಲಿ, ಅದು ಇದ್ದಿದ್ದೇ. ಆದ್ರೆ ಹೋದ್ಮೇಲೆ ನೀವೇನ್ ಮಾಡ್ತೀರಿ? ಬಯ್ಕೊಂಡು ಖಾಲಿ ದಾರ ಸುತ್ತಿ, ತುದಿ ಕತ್ತರಿಸಿ ಬಿಸಾಕಿ, ಹೊಸ ಲೀಡರ್, ಅಂದ್ರೆ ದಾರಕ್ಕೂ ಕೊಕ್ಕೆಗೂ ನಡುವೆ ಹಾಕೋ ಆ ಗಡಸು ತುಂಡು, ಕಟ್ಟೋಕೆ ಕೂತ್ಕೊಳ್ತೀರಿ, ಅಲ್ವಾ? ಆ ಬಿಸಾಕಿದ ತುಂಡಿದೆಯಲ್ಲ, ಎರಡು ಇಂಚಿನದು, ಇವತ್ತು ನಾನು ಮಾತಾಡೋಕೆ ಬಂದಿರೋದು ಅದರ ಬಗ್ಗೆ.

ಬ್ರೇಡ್‌ಗೆ, ಅಂದ್ರೆ ರೀಲಿಗೆ ಸುತ್ತಿರೋ ಹೆಣೆದ ದಾರಕ್ಕೆ, ಲೀಡರ್ ಜೋಡಿಸೋಕೆ ಯಾವ ಗಂಟು ಒಳ್ಳೇದು ಅಂತ ಕೇಳಿ ನೋಡಿ, ಜಗಳವೇ ಶುರುವಾಗುತ್ತೆ. ಎಫ್‌ಜಿ ಅಂತಾನೆ ಒಬ್ಬ. ಡಬಲ್ ಯೂನಿ ಸಾಕು ಬಿಡೋ ಅಂತಾನೆ ಇನ್ನೊಬ್ಬ. ಮೂಲೆಯಲ್ಲಿ ಕೂತವನು ಆಲ್ಬರ್ಟೊ ಅಂತಾನೆ. ಒಬ್ಬೊಬ್ಬರ ಹತ್ರಾನೂ ಒಂದೊಂದು ಶೇಕಡಾ ಲೆಕ್ಕ. ಈ ಲೆಕ್ಕಗಳಿಂದ ನಂಗೆ ಸಾಕಾಗಿ ಹೋಗಿದೆ. ಯಾಕೆ ಅಂದ್ರೆ, ನಾವು ರೀಲಿನ ಡ್ರ್ಯಾಗ್, ಅಂದ್ರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡೋ ಬ್ರೇಕ್, ಇಡೋದು ದಾರದ ತಾಕತ್ತಿನ ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ. ಹಾಗಿದ್ಮೇಲೆ ಆ ತಾಕತ್ತಲ್ಲಿ ನೂರಕ್ಕೆ ಎಪ್ಪತ್ತು ತಡೆಯೋ ಗಂಟು ಕೂಡ ಲೆಕ್ಕದ ಪ್ರಕಾರ ಹರೀಬಾರ್ದು. ಆದ್ರೂ ಕೈ ಕೊಡುತ್ತೆ. ಅಂದ್ರೆ ತೊಂದರೆ ಇರೋದು ಬೇರೆ ಕಡೆ.

ನಂದೇ ಕಥೆ ಹೇಳ್ತೀನಿ. ಒಂದು ಕಾಲದಲ್ಲಿ ಮೀನು ಕಳ್ಕೊಂಡಾಗೆಲ್ಲ ಲೀಡರನ್ನೇ ಬಯ್ತಾ ಇದ್ದೆ. ಕಂಪನಿ ಬದಲಾಯಿಸಿದೆ, ದಪ್ಪ ಬದಲಾಯಿಸಿದೆ. ಒಂದಿನ ಬೇಜಾರಲ್ಲಿ ಕೂತು, ವಾಪಸ್ ಬಂದ ಬ್ರೇಡ್ ತುದೀನ ಬೆಳಕಿಗೆ ಹಿಡಿದು ನೋಡಿದೆ. ಹರಿದಿರ್ಲೇ ಇಲ್ಲ! ಜಡೆ ಬಿಚ್ಚಿದ ಕೂದಲಿನ ಥರ ಅಲೆ ಅಲೆಯಾಗಿ ಸುಕ್ಕು ಬಿದ್ದಿತ್ತು, ಅಷ್ಟೆ. ಲೀಡರ್ ಪಾಪ ಏನೂ ಮಾಡಿರ್ಲಿಲ್ಲ. ಗಂಟೇ ಜಾರಿತ್ತು.

ತುದಿ ಓದೋದನ್ನ ಅವತ್ತು ಶುರು ಮಾಡ್ದೆ. ಬ್ರೇಡ್ ಸುಕ್ಕು ಸುಕ್ಕಾಗಿ, ಉದ್ದ ಕಮ್ಮಿಯಾಗದೆ ಬಂದ್ರೆ ಗಂಟು ಜಾರಿದೆ. ಕುಂಚದ ಥರ ಎಳೆ ಎಳೆ ಬಿಚ್ಕೊಂಡಿದ್ರೆ ಬ್ರೇಡೇ ಹರಿದಿದೆ. ಎಲ್ಲೋ ಸವೆದಿತ್ತು, ಇಲ್ಲಾ ಕೋಲಿನ ಮೇಲೆ ದಾರ ಹಾಯೋ ಗೈಡಿನ ರಿಂಗ್ ಬಿರುಕು ಬಿಟ್ಟಿದೆ, ಅದನ್ನ ನೋಡ್ಕೊಳ್ಳಿ. ಗಂಟು ಗಟ್ಟಿಯಾಗಿದ್ದು, ಕೆಳಗೆ ಲೀಡರ್ ಬೆಳ್ಳಗೆ ಒರಟಾಗಿ ಕಿತ್ತಿದ್ರೆ ಕಲ್ಲೋ ಹಲ್ಲೋ ಉಜ್ಜಿದೆ. ಲೀಡರ್ ತುದಿ ಹಂದಿ ಬಾಲದ ಥರ ಸುರುಳಿ ಸುತ್ತಿದ್ರೆ ಕೊಕ್ಕೆ ಕಡೆಯ ಗಂಟು ಜಾರಿದೆ. ಆಗ ಮೇಲಿನ ಜೋಡಣೆಗೆ ಬಯ್ದು ಏನೂ ಪ್ರಯೋಜನ ಇಲ್ಲ.

ಈ ಬ್ರೇಡ್ ಇಷ್ಟು ಜಾರೋದ್ಯಾಕೆ? ಅದು ಪಾಲಿಎಥಿಲೀನ್, ಡೈನೀಮಾ, ಸ್ಪೆಕ್ಟ್ರಾ ಅಂತೆಲ್ಲ ಹೆಸರಿರೋ ವಸ್ತು. ಮುಟ್ಟಿದ್ರೆ ಮೇಣದ ಥರ ನುಣುಪು. ನೀರಿಗಿಂತ ಹಗುರ, ತೇಲುತ್ತೆ. ಹಿಗ್ಗೋದು ಅಂತೂ ಇಲ್ಲವೇ ಇಲ್ಲ ಅನ್ನಬೇಕು. ಆ ಕಡೆ ಲೀಡರ್ ಒಂದೇ ಎಳೆ, ಗಡಸು, ದುಂಡಗೆ. ಫ್ಲೋರೋಕಾರ್ಬನ್ ಆದ್ರೆ ನೀರಿಗಿಂತ ಹತ್ರ ಹತ್ರ 1.8 ಪಟ್ಟು ಭಾರ, ಮುಳುಗುತ್ತೆ. ಎಲ್ಲದ್ರಲ್ಲೂ ಉಲ್ಟಾ ಇರೋ ಎರಡನ್ನ ನಾವು ಗಂಟು ಹಾಕ್ತಿದ್ದೀವಿ. ನಾಯ್ಲಾನ್ ದಾರ ಗಂಟಲ್ಲಿ ತಾನೇ ಸ್ವಲ್ಪ ಅದುಮಿಕೊಂಡು ಹಿಡ್ಕೊಳ್ಳುತ್ತೆ. ಬ್ರೇಡ್ ಹಾಗೆ ಹಿಡ್ಕೊಳ್ಳಲ್ಲ. ಅದಕ್ಕೆ ಸುತ್ತು ಜಾಸ್ತಿ ಬೇಕು, ಸುತ್ತು ಹಾಕಿದ್ಮೇಲೆ ಎಳೆತ ಬೇಕು.

ಎಫ್‌ಜಿ ತಗೊಳ್ಳಿ. ಅದರ ಜಾಣತನ ಏನಂದ್ರೆ, ಅದರಲ್ಲಿ ಲೀಡರ್ ಬಾಗೋದೇ ಇಲ್ಲ, ನೆಟ್ಟಗೆ ನಿಂತಿರುತ್ತೆ. ಬ್ರೇಡ್ ಅದರ ಮೇಲೆ ಒಂದ್ಸಲ ಈ ಕಡೆಯಿಂದ, ಒಂದ್ಸಲ ಆ ಕಡೆಯಿಂದ ಹೆಣೆದುಕೊಂಡು ಹೋಗುತ್ತೆ. ಬೆರಳು ತೂರಿಸಿ ಎಳೆದಷ್ಟೂ ಬಿಗಿಯೋ ಹೆಣಿಗೆ ಆಟಿಕೆ ಇರುತ್ತಲ್ಲ, ಅದೇ ಕೆಲಸ. ಬಾಗು ಇಲ್ಲ, ಹಾಗಾಗಿ ಗಂಟು ತೆಳ್ಳಗಿರುತ್ತೆ, ಗೈಡ್‌ಗಳ ಒಳಗೆ ಸದ್ದಿಲ್ಲದೆ ಹೋಗುತ್ತೆ. ಸುಮಾರು ಇಪ್ಪತ್ತು ಸುತ್ತು, ಬ್ರೇಡ್ ತೀರಾ ಸಣ್ಣದಾದ್ರೆ ಇನ್ನೊಂದಿಷ್ಟು. ಇಲ್ಲಿವರೆಗೆ ಎಲ್ರೂ ಸರಿಯಾಗೇ ಮಾಡ್ತಾರೆ.

ಎಡವೋದು ಇದಾದ್ಮೇಲೆ. ಸುತ್ತು ಮುಗೀತಿದ್ದಂಗೆ ಹಾಫ್ ಹಿಚ್ (ಒಂದೇ ಸುತ್ತಿನ ಸರಳ ಗಂಟು) ಮೇಲೆ ಹಾಫ್ ಹಿಚ್ ಹಾಕಿ ಹಾಕಿ, ಕತ್ತರಿ ಎತ್ಕೊಂಡು ಬಿಡ್ತಾರೆ. ನೋಡೋಕೆ ಚೆಂದ. ಒಳಗಡೆ ಹೆಣಿಗೆ ಇನ್ನೂ ಸಡಿಲ! ಮೊದಲು ಒಂದೋ ಎರಡೋ ಹಾಫ್ ಹಿಚ್ ಹಾಕಿ ನಿಲ್ಲಿಸಿ. ಒದ್ದೆ ಮಾಡಿ. ಆಮೇಲೆ ಬ್ರೇಡನ್ನ ಒಂದು ಕಡ್ಡಿಗೆ ಸುತ್ತಿ, ಲೀಡರನ್ನ ಇನ್ನೊಂದಕ್ಕೆ ಸುತ್ತಿ, ನಿಧಾನಕ್ಕೆ, ಜೋರಾಗಿ ಎಳೀರಿ. ಬರಿಗೈಗೆ ಮಾತ್ರ ಸುತ್ಕೋಬೇಡಿ, ಬ್ರೇಡ್ ಚರ್ಮ ಕೊಯ್ಯುತ್ತೆ, ನನ್ನ ಬೆರಳಲ್ಲಿ ಗುರುತಿದೆ. ಎಳೀತಾ ಎಳೀತಾ ಬ್ರೇಡಿನ ಬಣ್ಣ ಗಾಢವಾಗುತ್ತೆ, ಹೆಣಿಗೆ ಸಣ್ಣಗಾಗುತ್ತೆ. ಅದು ಲೀಡರನ್ನ ಕಚ್ಚಿದ ಗುರುತು. ಉಗುರಲ್ಲಿ ತಳ್ಳಿ ನೋಡಿ, ಸರಿಯಬಾರದು. ಸರಿದ್ರೆ ಬಿಚ್ಚಿ ಮತ್ತೆ ಕಟ್ಟಿ. ಲೀಡರಿನ ಬಾಲ ಕತ್ತರಿಸೋದು, ಉಳಿದ ಹಾಫ್ ಹಿಚ್ ಹಾಕೋದು, ಎಲ್ಲ ಆಮೇಲೆ.

ಹಾಗಂತ ಎಫ್‌ಜಿ ಭಕ್ತರ ಪಕ್ಷಾನೂ ನಾನಲ್ಲ. ಗಾಳಿ ಬೀಸ್ತಿದೆ, ದೋಣಿ ಓಲಾಡ್ತಿದೆ, ಲೀಡರ್ ತೆಳ್ಳಗಿದೆ ಅಂದ್ರೆ ನಾನು ಡಬಲ್ ಯೂನಿ ಕಟ್ತೀನಿ, ನಾಚಿಕೆ ಏನಿಲ್ಲ. ಬ್ರೇಡ್ ಕಡೆ ಎಂಟು ಸುತ್ತು, ಲೀಡರ್ ಕಡೆ ನಾಲ್ಕೋ ಐದೋ. ಎರಡೂ ಕಡೆ ಒಂದೇ ಲೆಕ್ಕ ಹಾಕಿದ್ರೆ ಬ್ರೇಡ್ ಜಾರಿ ಹೋಗುತ್ತೆ. ಆಲ್ಬರ್ಟೊದಲ್ಲಿ ಏಳು ಸುತ್ತು ಮೇಲೆ, ಏಳು ಸುತ್ತು ಕೆಳಗೆ, ಕೊನೆಗೆ ಬ್ರೇಡ್ ಲೀಡರಿನ ಕುಣಿಕೆಯೊಳಗೆ ಯಾವ ಕಡೆಯಿಂದ ಬಂತೋ ಆ ಕಡೆಯಿಂದಲೇ ಹೊರಗೆ ಹೋಗ್ಬೇಕು. ಲೀಡರ್ ದಪ್ಪ ಆದ್ರೆ ಮಾತ್ರ ಇವೆರಡೂ ಬೇಡ. ಉಬ್ಬು ಪ್ರತಿ ಎಸೆತಕ್ಕೂ ಗೈಡಿಗೆ ಟಕ್ ಟಕ್ ಅಂತ ಬಡಿಯುತ್ತೆ.

ಇನ್ನು ಗಂಟಿಗೆ ಅಂಟು ಹಚ್ಚೋರು, ಲೈಟರ್ ಹಿಡಿಯೋರು. ಪಾಲಿಎಥಿಲೀನ್‌ಗೆ ಅಂಟು ಸರಿಯಾಗಿ ಹಿಡಿಯೋದೇ ಇಲ್ಲ. ಜೊತೆಗೆ ಬ್ರೇಡ್ ಸುಮಾರು 145 ಡಿಗ್ರಿಗೆಲ್ಲ ಕರಗುತ್ತೆ, ಬೆಂಕಿಕಡ್ಡಿ ಪಕ್ಕದಲ್ಲಿ ಹಾದ್ರೂ ಸಾಕು. ನನ್ನ ಕೇಳಿದ್ರೆ, ಅಂಟು ಅನ್ನೋದು ಎಳೆಯೋಕೆ ಸೋಮಾರಿತನ ಮಾಡಿದವರ ಸಮಾಧಾನ.

ನನ್ನ ಡಬ್ಬದಲ್ಲಿ ಒಂದು ಪುಟ್ಟ ಜಿಪ್ ಕವರ್ ಇದೆ, ವಾಪಸ್ ಬಂದ ತುದಿಗಳಿಗೆ ಅಂತಾನೇ. ಈ ಸಲದ ಕವರ್‌ನಲ್ಲಿ ಏಳು ತುಂಡು. ಐದು ಕಲ್ಲಿಗೆ ಉಜ್ಜಿದ್ದು. ಇನ್ನೆರಡು ಸುಕ್ಕು ಸುಕ್ಕು, ಎರಡೂ ಒಂದೇ ಸಂಜೇವು. ಕಣ್ಣೆದುರಿಗೆ ಮೀನು ಹಾರ್ತಾ ಇತ್ತು, ಕೈ ನಿಲ್ಲಲಿಲ್ಲ.