ಅದು ಚಾಡಿ ಅಲ್ಲ, ಸ್ವಲ್ಪ ಕೇಳಿ

ನಮಸ್ಕಾರ. ಇವತ್ತಿನ ವಿಷಯ ತುಂಬಾ ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ನಾನು ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್. ಶೀಟ್ ಮೆಟಲ್ ಕೆಲಸ. ಎರಡು ವರ್ಷದ ಹಿಂದೆ ಇನ್‌ಸ್ಪೆಕ್ಷನ್ನಿಗೆ ಒಬ್ಬ ಹುಡುಗ ಸೇರಿದ. ಅವನಿಗೆ ಆಟಿಸಂ ಇದೆ ಅಂತ, ಅಂದರೆ ಬಾಯಿ ಬಿಟ್ಟು ಹೇಳದ ಸೂಚನೆ, ಕಣ್ಸನ್ನೆ ಅವನಿಗೆ ಸುಲಭಕ್ಕೆ ತಿಳಿಯುವುದಿಲ್ಲ ಅಂತ, ಅವನ ಅಮ್ಮನೇ ಬಂದು ಹೇಳಿದ್ದರು. ಕೆಲಸ ಬಲು ಅಚ್ಚುಕಟ್ಟು. ಅಂಚು ಸರಿ ಇಲ್ಲದ ಒಂದೇ ಒಂದು ಪೀಸ್ ಅವನ ಕಣ್ಣು ತಪ್ಪಿಸಿ ಹೋಗುವುದಿಲ್ಲ.

ಮೊದಲ ದಿನ ಓನರ್ ಅವನಿಗೆ ಗೋಡೆ ಮೇಲಿನ ಬೋರ್ಡ್ ತೋರಿಸಿದರು. ಹನ್ನೆರಡು ನಿಯಮ. "ಯಾರೇ ಮೀರಿದರೂ ಬಂದು ಹೇಳಪ್ಪ" ಅಂದರು. ಸೇರಿದ ಎಲ್ಲರಿಗೂ ಹೇಳುವ ಮಾತು ಅದು. ನಾವೆಲ್ಲ ತಲೆ ಆಡಿಸಿ ಮರೆತಿದ್ದೆವು. ಅವನು ಮರೆಯಲಿಲ್ಲ.

"ಸರ್, ಈ ಅಣ್ಣ ಏಳು ನಿಮಿಷ ಲೇಟ್." "ಸರ್, ಇವರು ಇನ್ನೊಬ್ಬರ ಕಾರ್ಡನ್ನೂ ಪಂಚ್ ಮಾಡಿದರು." "ಸರ್, ಮೂರನೇ ಪ್ರೆಸ್ಸಿನ ಒಂದು ಬಟನ್‌ಗೆ ಟೇಪ್ ಸುತ್ತಿದ್ದಾರೆ." ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದ. ಓನರ್‌ಗೆ ಸಾಕಾಯಿತು, "ನಿನ್ನ ಕೆಲಸ ನೀನು ನೋಡ್ಕೊ" ಅಂದರು. ನಾನೂ ಗದರಿದೆ. ಟೇಪ್ ಅಂದದ್ದು ಆಗ ನನ್ನ ತಲೆಗೇ ಹೋಗಲಿಲ್ಲ.

ಪ್ರೆಸ್ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ತಗಡನ್ನು ಒತ್ತಿ ಆಕಾರ ಕೊಡುವ ಮೆಷಿನ್. ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಅದು ಕೆಳಗೆ ಇಳಿಯಬೇಕು, ಯಾಕೆಂದರೆ ಎರಡು ಕೈಯೂ ಬಟನ್ ಮೇಲಿದ್ದರೆ ಡೈ ಒಳಗೆ, ಅಂದರೆ ತಗಡು ಒತ್ತುವ ಅಚ್ಚಿನೊಳಗೆ, ಕೈ ಇರುವುದಕ್ಕೆ ಸಾಧ್ಯವೇ ಇಲ್ಲ, ಅಷ್ಟೇ ಅದರ ಲೆಕ್ಕ. ಒಂದು ಬಟನ್‌ಗೆ ಟೇಪ್ ಹಾಕಿದರೆ ಒಂದು ಕೈ ಖಾಲಿ. ಆ ಕೈಯಲ್ಲಿ ಶೀಟ್ ಇಡಬಹುದು, ಟಾರ್ಗೆಟ್ ಬೇಗ ಮುಗಿಯುತ್ತದೆ. ಬೆರಳು ಹೋಗುವುದೂ ಹೀಗೇ. ಹಿಂದೆ ಬೇರೆ ಕಡೆ ಇದ್ದಾಗ ಎರಡು ಬೆರಳು ಕಳೆದುಕೊಂಡವನನ್ನು ನಾನೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಸುರಕ್ಷತೆಗೆ ಇಟ್ಟ ಸಾಧನವನ್ನು ಬೇಕಂತಲೇ ಕೆಡಿಸಬಾರದು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿತ್ತು. ಅದು ನನಗೆ ಗೊತ್ತಿತ್ತು. ಆದರೂ ಆ ಹುಡುಗನಿಗೆ ಗದರಿದೆ.

ಸಂಜೆ ಟೇಪಿನ ಮಾತು ನೆನಪಾಯಿತು, ಹೋಗಿ ನೋಡಿದೆ. ಟೇಪ್ ಇತ್ತು. ಕಿತ್ತು ಹಾಕಿದೆ. ರಾತ್ರಿ ನಿದ್ದೆ ಬರಲಿಲ್ಲ.

ಅಷ್ಟು ಹೊತ್ತಿಗೆ ಅವನಿಗೆ ಚಾಡಿಕೋರ ಅನ್ನುವ ಹೆಸರು ಬಿದ್ದಾಗಿತ್ತು. ಊಟಕ್ಕೆ ಯಾರೂ ಅವನ ಪಕ್ಕ ಕೂರುತ್ತಿರಲಿಲ್ಲ. ನನಗೆ ಜಾಸ್ತಿ ನೋವಾಗುವುದು ಇಲ್ಲೇ. ಚಾಡಿ ಅಂದರೆ ಏನು? ಬೆನ್ನ ಹಿಂದೆ ಹೇಳುವುದು, ಒಂದಕ್ಕೆ ಎರಡು ಸೇರಿಸುವುದು, ತನಗೆ ಏನೋ ಸಿಗಲಿ ಅಂತ ಹೇಳುವುದು, ಅಲ್ವಾ? ಈ ಹುಡುಗ ಆ ಮನುಷ್ಯನ ಎದುರೇ ನಿಂತು ಹೇಳುತ್ತಾನೆ. ಏಳು ನಿಮಿಷವನ್ನು ಹತ್ತು ಅನ್ನುವುದಿಲ್ಲ. ಅವನಿಗೆ ಸಿಕ್ಕಿದ್ದಾದರೂ ಏನು, ಒಂಟಿ ಊಟ.

2023ರಲ್ಲಿ ಟೊರೊಂಟೊದ ಯಾರ್ಕ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಬಂತು. ಆಟಿಸಂ ಇರುವ 33 ಉದ್ಯೋಗಿಗಳು, ಇಲ್ಲದ 34 ಜನ. ಕೆಲಸದ ಜಾಗದಲ್ಲಿ ತಪ್ಪು ಕಂಡರೆ ಮಾತಾಡುತ್ತೀರಾ ಅಂತ ಕೇಳಿದರು. ಸುತ್ತ ಎಷ್ಟು ಜನ ಇದ್ದಾರೆ ಅನ್ನುವುದು ಆಟಿಸಂ ಇರುವವರನ್ನು ಉಳಿದವರಷ್ಟು ತಡೆಯಲಿಲ್ಲ. ಚಿಕ್ಕ ಅಧ್ಯಯನ, ಆಟಿಸಂ ಇರುವ ಎಲ್ಲರೂ ಹೀಗೇ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಶಾಪಿನಲ್ಲಿ ಆ ಟೇಪನ್ನು ಕಡಿಮೆ ಅಂದರೂ ಆರು ಜನ ನೋಡಿದ್ದರು. ಬಾಯಿ ಬಿಟ್ಟವನು ಇವನೊಬ್ಬನೇ.

ಹಾಗಂತ ಅವನು ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಲೇಟಾಗಿ ಬಂದ ಅಣ್ಣನ ಮಗುವಿಗೆ ಜ್ವರ, ರಾತ್ರಿಯೆಲ್ಲ ಎದ್ದಿದ್ದ. ಎಲ್ಲರ ಎದುರು ಅವನ ಏಳು ನಿಮಿಷ ಎಣಿಸಿದರೆ ಅವನಿಗೂ ನೋವಾಗುತ್ತದೆ. ಯಾವ ನಿಯಮ ಎಷ್ಟು ತೂಕದ್ದು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ, ಕಣ್ಸನ್ನೆ ನೋಡಿ ಕಲಿತುಬಿಟ್ಟಿದ್ದೇವೆ. ಅವನಿಗೆ ಬಾಯಿ ಬಿಟ್ಟು ಹೇಳಬೇಕಿತ್ತು. ನಾವು ಹೇಳಲಿಲ್ಲ.

ಕೊನೆಗೆ ಕೂರಿಸಿಕೊಂಡು ಹೇಳಿದೆ. ಕೈ, ಕರೆಂಟು, ಬೆಂಕಿ ವಿಷಯ ಇದ್ದರೆ ಓಡಿ ಬಾ, ನಾನು ಯಾರ ಜೊತೆ ಮಾತಾಡುತ್ತಿದ್ದರೂ ಸರಿ. ಪಂಚಿಂಗ್ ಥರದ್ದು ಬರೆದಿಡು, ಶನಿವಾರ ನನಗೊಬ್ಬನಿಗೇ ಕೊಡು. ಯಾರು ಎಷ್ಟು ಹೊತ್ತಿಗೆ ಬಂದರು ಅನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ. ಅವನು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ತಲೆ ಎತ್ತಿ ಕೇಳಿದ: "ಹೇಳಬಾರದು ಅಂದ ಮೇಲೆ ಅದನ್ನು ಬೋರ್ಡಲ್ಲಿ ಯಾಕೆ ಬರೆದಿದ್ದೀರಿ ಸರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಓನರ್ ಹತ್ತಿರವೂ ಇರಲಿಲ್ಲ.

ಈ ಸಲ ಆಯುಧ ಪೂಜೆಗೆ ಮೆಷಿನ್‌ಗಳ ಜೊತೆ ಬೋರ್ಡಿಗೂ ಹೊಸ ಬಣ್ಣ. ಅದರಲ್ಲಿ ಏನಿರಬೇಕು ಅಂತ ಎಲ್ಲರೂ ಕೂತು ಮಾತಾಡಿದೆವು, ಅವನೂ ಇದ್ದ. ಹನ್ನೆರಡು ಇದ್ದದ್ದು ಐದಾಗಿದೆ. ಮೊದಲನೆಯದು ಬಟನ್‌ದು, ಯಾಕೆ ಅನ್ನುವ ಕಾರಣದ ಸಮೇತ. ಮೂರನೇ ಪ್ರೆಸ್ಸಿನ ಅಣ್ಣ ಅವತ್ತು ತನ್ನ ಡಬ್ಬಿ ತಂದು ಅವನ ಪಕ್ಕ ಕೂತ.